ಹೂಜಿ ಗಿಡದ ಎಳೆ ಸಸಿಗೆ ಗೊಬ್ಬರ: ಮಲೆನಾಡಿನವರು ಪದೇ ಪದೇ ಕೇಳುವ ಪ್ರಶ್ನೆಗಳು

ನಮ್ಮ ಮನೆ ತೀರ್ಥಹಳ್ಳಿ ಕಡೆ. ಹಿಂದಿನ ಜಗಲಿಯಲ್ಲಿ, ಬಟ್ಟೆ ಒಣಗಿಸುವ ತಂತಿಯ ಕೆಳಗೆ, ಹೂಜಿ ಗಿಡದ ಸಸಿಗಳ ಟ್ರೇ ಸಾಲಾಗಿ ಇವೆ. ಬಂದವರು ಮೊದಲು ಕೇಳುವುದು, "ಇದು ನೊಣ ತಿನ್ನುತ್ತಾ?" ಎರಡನೆಯದು, "ಇದಕ್ಕೆ ಏನು ಗೊಬ್ಬರ ಹಾಕ್ತೀರಿ?" ಮೊದಲನೆಯದಕ್ಕೆ ಹೌದು ಅಂದರೆ ಮುಗಿಯಿತು. ಎರಡನೆಯದಕ್ಕೆ ಉತ್ತರ ಹೇಳುವಷ್ಟರಲ್ಲಿ ಅವರ ಕಾಫಿ ಆರಿಹೋಗಿರುತ್ತದೆ. ಅದಕ್ಕೇ ಬರೆದಿಟ್ಟಿದ್ದೇನೆ. ಇಲ್ಲಿ ಹೆಚ್ಚಾಗಿ ಹೇಳಿರುವುದು ನೆಪೆಂತಿಸ್ ಬಗ್ಗೆ, ಅಂದರೆ ಎಲೆಯ ತುದಿಯಿಂದ ಬಳ್ಳಿ ಇಳಿದು ಅದರ ಕೊನೆಯಲ್ಲಿ ಮುಚ್ಚಳದ ಕೊಡ ಜೋತುಬೀಳುತ್ತದಲ್ಲ, ಆ ಗಿಡ.

ಹುಳ ತಿಂದು ಬದುಕುವ ಗಿಡಕ್ಕೆ ಗೊಬ್ಬರ ಯಾಕೆ ಬೇಕು?

ದೊಡ್ಡ ಗಿಡಕ್ಕೆ ಬೇಡವೇ ಬೇಡ. ಜಗಲಿಯಲ್ಲಿ ನೇತುಹಾಕಿ ಸುಮ್ನೆ ಬಿಟ್ಟರೆ ಇರುವೆ, ನೊಣ, ಪತಂಗ ಅಂತ ತನ್ನ ಊಟ ತಾನೇ ನೋಡಿಕೊಳ್ಳುತ್ತದೆ. ಸಸಿಯ ಕಥೆ ಬೇರೆ. ಎರಡು ಬೀಜದೆಲೆಗಳ ನಂತರ ಬರುವ ಮೊದಲ ಎಲೆಯಲ್ಲೇ ಹೂಜಿ ಇರುತ್ತದೆ ನಿಜ. ಆದರೆ ಅದರ ಉದ್ದ ಎರಡು ಮೂರು ಮಿಲಿಮೀಟರ್, ಸಾಸಿವೆ ಕಾಳಿನಷ್ಟು. ಅದರ ಬಾಯೊಳಗೆ ಇರುವೆಯ ತಲೆಯೂ ಹಿಡಿಯುವುದಿಲ್ಲ. ಮಣ್ಣಿನಲ್ಲಿ ನೆಗೆದಾಡುವ ಬಿಳಿ ಪುಟಾಣಿ ಹುಳಗಳು, ಸ್ಪ್ರಿಂಗ್‌ಟೈಲ್ ಅನ್ನುತ್ತಾರಲ್ಲ, ಅವು ಬಿದ್ದರೆ ಉಂಟು, ಇಲ್ಲದಿದ್ದರೆ ಉಪವಾಸ. ಉಪವಾಸ ಇದ್ದರೂ ಸಸಿ ಸಾಯುವುದಿಲ್ಲ, ಇದ್ದಲ್ಲೇ ಇರುತ್ತದೆ. ವರ್ಷ ಕಳೆದರೂ ಹತ್ತು ಪೈಸೆ ನಾಣ್ಯದಷ್ಟೇ ಅಗಲ. ಗೊಬ್ಬರ ಕೊಡುವುದು ಈ ಕಾಯುವ ಕಾಲವನ್ನು ಕಡಿಮೆ ಮಾಡಲಿಕ್ಕೆ.

ಹಾಗಾಗಿ ಕೊಡದಿದ್ದರೆ ಆಗುವ ನಷ್ಟ ಸಮಯದ್ದು, ಜಾಸ್ತಿ ಕೊಟ್ಟರೆ ಆಗುವ ನಷ್ಟ ಸಸಿಯದ್ದು. ಅನುಮಾನ ಬಂದ ದಿನ ಕೊಡಬೇಡಿ.

ಬೇರಿಗೆ ಗೊಬ್ಬರ ಹಾಕಿದರೆ ಏನಾಗುತ್ತದೆ?

ಅಪ್ಪೆಮಿಡಿಗೆ ಉಪ್ಪು ಹಾಕಿ ಭರಣಿಯಲ್ಲಿಟ್ಟರೆ ಏನಾಗುತ್ತದೆ? ಮಿಡಿ ನೀರು ಬಿಟ್ಟು ಸುರುಟಿಕೊಳ್ಳುತ್ತದೆ. ಗೊಬ್ಬರವೂ ಒಂದು ಉಪ್ಪೇ. ಬೇರಿನ ಸುತ್ತ ಉಪ್ಪು ಜಾಸ್ತಿಯಾದರೆ ಬೇರು ನೀರು ಹೀರುವ ಬದಲು ಒಳಗಿದ್ದ ನೀರನ್ನೂ ಬಿಟ್ಟುಕೊಡುತ್ತದೆ. ಯಾವ ಗಿಡಕ್ಕಾದರೂ ಹೀಗೆಯೇ. ಆದರೆ ಅಡಿಕೆ, ಬಾಳೆಗೆ ಹೋಲಿಸಿದರೆ ಹೂಜಿ ಗಿಡ ಇದನ್ನು ತಡೆದುಕೊಳ್ಳುವುದು ತೀರಾ ಕಡಿಮೆ. ಕಾಡಿನಲ್ಲಿ ಅದು ಬೆಳೆಯುವುದು ಮಳೆ ಸತ್ವವನ್ನೆಲ್ಲ ತೊಳೆದುಕೊಂಡು ಹೋದ ಜಾಗದಲ್ಲಿ. ಮಣ್ಣಲ್ಲಿ ಸಿಗದ ಸಾರಜನಕವನ್ನು ಹುಳದಿಂದ ತೆಗೆದುಕೊಳ್ಳಲಿಕ್ಕೆ ಎಲೆಯನ್ನೇ ಕೊಡ ಮಾಡಿಕೊಂಡಿದೆ. ಅದರ ಬೇರನ್ನು ಒಮ್ಮೆ ನೋಡಿ: ಕಪ್ಪಗೆ, ಕೂದಲಿನಷ್ಟು ತೆಳ್ಳಗೆ, ಮುಟ್ಟಿದರೆ ತುಂಡಾಗುವಂಥದ್ದು. ಊಟ ಕೊಡುವುದಾದರೆ ಎಲೆಗೋ ಹೂಜಿಗೋ ಕೊಡಬೇಕು.

ಮೊದಲು ನೀರಿನ ಬಗ್ಗೆ ಹೇಳಿ. ಬೋರ್‌ವೆಲ್ ನೀರು ನಡೆಯುತ್ತದೆಯಾ?

ನಡೆಯುವುದಿಲ್ಲ. ನೂರಿನ್ನೂರು ರೂಪಾಯಿಗೆ ಟಿಡಿಎಸ್ ಮೀಟರ್ ಸಿಗುತ್ತದೆ, ಪೆನ್ನಿನಂತೆ ಇರುತ್ತದೆ, ನೀರಿನಲ್ಲಿ ಎಷ್ಟು ಉಪ್ಪು ಕರಗಿದೆ ಅನ್ನುವುದನ್ನು ಪಿಪಿಎಂನಲ್ಲಿ, ಅಂದರೆ ಲೀಟರಿಗೆ ಎಷ್ಟು ಮಿಲಿಗ್ರಾಂ ಅಂತ ತೋರಿಸುತ್ತದೆ, ಒಂದು ತಂದಿಟ್ಟುಕೊಳ್ಳಿ. ನಮ್ಮ ಬೋರ್‌ವೆಲ್ ನೀರಿಗೆ ಅದ್ದಿದರೆ 340 ತೋರಿಸಿತು. ತೆರೆದ ಬಾವಿಯದು 70ರ ಆಸುಪಾಸು. ಸೂರಿನಿಂದ ಹಿಡಿದ ಮಳೆ ನೀರು 12. ಸಸಿಗೆ 50ರ ಕೆಳಗಿದ್ದರೆ ಚೆನ್ನ. ಬೋರ್‌ವೆಲ್ ನೀರನ್ನೇ ಹಾಕುತ್ತಾ ಬಂದರೆ ಗೊಬ್ಬರ ಮುಟ್ಟದೆಯೂ ಕುಂಡದಲ್ಲಿ ಉಪ್ಪು ಕೂರುತ್ತದೆ. ಅದರ ಮೇಲೆ ಗೊಬ್ಬರವೂ ಬಿದ್ದರೆ ಕೇಳುವುದೇ ಬೇಡ.

ಮಲೆನಾಡಿನಲ್ಲಿದ್ದುಕೊಂಡು ನೀರು ದುಡ್ಡು ಕೊಟ್ಟು ತರುವುದು ನನಗೆ ಸರಿ ಕಾಣುವುದಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ ಏಳು ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಬೀಳುತ್ತದೆ, ನಮ್ಮಲ್ಲಿ ಅಷ್ಟಿಲ್ಲದಿದ್ದರೂ ನಾಲ್ಕು ಡ್ರಮ್ ತುಂಬಲು ಒಂದು ಮಧ್ಯಾಹ್ನ ಸಾಕು. ಮೊದಲ ಮಳೆಗಳನ್ನು ಹರಿದುಹೋಗಲು ಬಿಡಿ. ಹಂಚಿನ ಮೇಲಿನ ಧೂಳು, ಕಸ, ಹಕ್ಕಿ ಹಿಕ್ಕೆ ಎಲ್ಲ ತೊಳೆದ ಮೇಲೆ ಹಿಡಿದು, ಬೆಳಕು ಬೀಳದ ಹಾಗೆ ಮುಚ್ಚಿಡಿ. ಶಿವಮೊಗ್ಗ, ಭದ್ರಾವತಿ ಪೇಟೆಯಲ್ಲಿ ಇರುವವರಿಗೆ ಆರ್‌ಒ ನೀರು ಆಗುತ್ತದೆ. ಆರ್‌ಒ ಯಂತ್ರ ಹೊರಗೆ ಬಿಡುವ ನೀರು ಬೇಡ, ಅದರಲ್ಲಿ ಉಪ್ಪೆಲ್ಲ ಸೇರಿಕೊಂಡಿರುತ್ತದೆ.

ಸಸಿ ಎಷ್ಟು ದೊಡ್ಡದಾದ ಮೇಲೆ ಶುರು ಮಾಡಲಿ?

ಬೀಜದೆಲೆ ಬಿಟ್ಟು ಮೂರು ನಾಲ್ಕು ಎಲೆ, ಪ್ರತಿ ಎಲೆಗೂ ಒಂದು ಹೂಜಿ. ಅಲ್ಲಿಯವರೆಗೆ ನೀರು, ಬೆಳಕು ಅಷ್ಟೇ. ನೆಪೆಂತಿಸ್ ಬೀಜ ದಾರದ ತುಂಡಿನ ಹಾಗೆ ಇರುತ್ತದೆ, ಮೊಳೆಯಲಿಕ್ಕೇ ಒಂದೆರಡು ತಿಂಗಳು ಬೇಕು. ಆಮೇಲೆ ಇಷ್ಟು ಎಲೆ ಬರಲಿಕ್ಕೆ ಇನ್ನೂ ಕೆಲವು ತಿಂಗಳು. ಮೊಳೆತ ವಾರಕ್ಕೇ ಸಿಂಪಡಿಸಿದರೆ ಗೊಬ್ಬರ ತಿನ್ನುವುದು ಪಾಚಿ.

ಕೊಟ್ಟಿಗೆ ಗೊಬ್ಬರ, ಎರೆಗೊಬ್ಬರ, ಜೀವಾಮೃತ ಎಲ್ಲ ಸಾವಯವ ಅಲ್ವಾ? ಅದಾದರೂ ಆಗಬೇಕಲ್ಲ?

ಆಗುವುದಿಲ್ಲ. ಈ ಪ್ರಶ್ನೆ ಕೇಳುವವರಿಗೆ ನನ್ನ ಉತ್ತರ ಕೇಳಿ ಸ್ವಲ್ಪ ಬೇಜಾರಾಗುತ್ತದೆ, ಗೊತ್ತು. ತೋಟಕ್ಕೆ ಇದೆಲ್ಲ ಬಂಗಾರ. ಹೂಜಿ ಗಿಡದ ಕುಂಡಕ್ಕೆ ಮಾತ್ರ ಇವು ಬೇಡ. ಸಾವಯವವಾದರೂ ಉಪ್ಪು ಉಪ್ಪೇ, ಮೇಲಿಂದ ಕೊಳೆಸುವ ಸೂಕ್ಷ್ಮಜೀವಿಗಳ ಸಂತೆ. ಸುಡುಮಣ್ಣಿನಲ್ಲಿ ಬೂದಿ ಇರುತ್ತದೆ, ಕ್ಷಾರ. ಈ ಗಿಡಕ್ಕೆ ಬೇಕಾಗಿರುವುದು ಹುಳಿ ಮಣ್ಣು. ಮೂಳೆ ಪುಡಿಯಲ್ಲಿ ಸುಣ್ಣದ ಅಂಶ. ಅಕ್ಕಚ್ಚು ಹಾಕಿದರೆ ಎರಡೇ ದಿನಕ್ಕೆ ಹುಳಿನಾತ, ಬಿಳಿ ಬೂಸ್ಟು. ಡಿಎಪಿ, 17:17:17 ಕಾಳಿನ ಚೀಲದ ಹತ್ತಿರ ಟ್ರೇಯನ್ನೇ ಇಡಬೇಡಿ.

ಒಬ್ಬರು ಕೇಳಿದರು, "ಹಾಗಾದ್ರೆ ಕಾಡಲ್ಲಿ ಯಾವ ಪ್ರಾಣಿಯೂ ಇದರ ಮೇಲೆ ಹಿಕ್ಕೆ ಹಾಕಲ್ವಾ?" ಒಳ್ಳೆ ಪ್ರಶ್ನೆ! ಬೋರ್ನಿಯೊದ ನೆಪೆಂತಿಸ್ ಲೋವಿಯ ದೊಡ್ಡ ಹೂಜಿಗಳು ಹೆಚ್ಚುಕಮ್ಮಿ ಪಾಯಿಖಾನೆಗಳೇ. ಅಳಿಲಿನಂತೆ ಕಾಣುವ ಟ್ರೀ ಶ್ರೂ ಮುಚ್ಚಳದ ಅಡಿಯ ಸಿಹಿ ನೆಕ್ಕಲು ಬಂದು ಕೂತು, ಹಿಕ್ಕೆಯನ್ನು ಹೂಜಿಯೊಳಗೇ ಬಿಟ್ಟು ಹೋಗುತ್ತದೆ. ಗಿಡಕ್ಕೆ ಅದರಿಂದಲೇ ಸಾರಜನಕ. ಆದರೆ ಗಮನಿಸಿ, ಅಲ್ಲೂ ಬಿದ್ದದ್ದು ಹೂಜಿಗೆ, ಬೇರಿಗಲ್ಲ.

ಗೊಬ್ಬರದಂಗಡಿಯ 19:19:19 ಆಗುತ್ತದೆಯಾ? ಎಷ್ಟು ಹಾಕಲಿ?

ಆಗುತ್ತದೆ, ಆದರೆ ಅಂಗಡಿಯವರು ಹೇಳುವ ಲೆಕ್ಕದಲ್ಲಿ ಅಲ್ಲ. 19:19:19 ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ತಲಾ ಶೇಕಡ 19 ಇರುವ, ನೀರಲ್ಲಿ ಕರಗುವ ಪುಡಿ. ತರಕಾರಿಗೆ ಸಿಂಪಡಿಸಲು ಲೀಟರಿಗೆ 5 ಗ್ರಾಂ ಅನ್ನುತ್ತಾರೆ. ನಾವು ಶುರು ಮಾಡುವುದು ಲೀಟರಿಗೆ 0.1 ಗ್ರಾಂನಿಂದ, ಅಂದರೆ ಅದರ ಐವತ್ತರಲ್ಲಿ ಒಂದು ಪಾಲು. ಆರ್ಕಿಡ್‌ಗೆ ಅಂತಲೇ ಬರುವ ನೀರಲ್ಲಿ ಕರಗುವ ಗೊಬ್ಬರ ಸಿಕ್ಕಿದರೆ ಅದು ಇನ್ನೂ ಉತ್ತಮ, ಯೂರಿಯಾ ಇಲ್ಲದ್ದನ್ನು ನೋಡಿ ತೆಗೆದುಕೊಳ್ಳಿ. 19:19:19ರಲ್ಲಿ ಸಾರಜನಕದ ದೊಡ್ಡ ಪಾಲು ಯೂರಿಯಾ ರೂಪದಲ್ಲಿರುತ್ತದೆ.

0.1 ಗ್ರಾಂ ತೂಗುವುದು ಹೇಗೆ ಅಂತ ಎಲ್ಲರಿಗೂ ತಲೆಬಿಸಿ. "ಒಂದು ಚಿಟಿಕೆ" ಅಂತ ಹೇಳುವವರನ್ನು ನಂಬಬೇಡಿ. ಪರಿಚಯದ ಅಕ್ಕಸಾಲಿಗರ ತಕ್ಕಡಿಯಲ್ಲಿ ಒಮ್ಮೆ ತೂಗಿಸಿ ನೋಡಿದೆ. ನನ್ನ ಚಿಟಿಕೆ 0.3 ಗ್ರಾಂ. ಜೊತೆಗೆ ಬಂದಿದ್ದ ಅಪ್ಪಯ್ಯನದು 0.8. ಅವರು ತೋಟದಲ್ಲಿ ಕೈಯಳತೆಯಲ್ಲೇ ಗೊಬ್ಬರ ಹಾಕಿದವರು, ಬೆರಳು ದಪ್ಪ. ಅದೇ ಗಿಡಕ್ಕೆ ಅದೇ "ಚಿಟಿಕೆ", ಆದರೆ ಎರಡೂವರೆ ಪಟ್ಟು ವ್ಯತ್ಯಾಸ.

ಸುಲಭ ದಾರಿ ಹೀಗಿದೆ. ಒಂದು ಲೀಟರ್ ಮಳೆ ನೀರಿಗೆ 10 ಗ್ರಾಂ ಗೊಬ್ಬರ ಕರಗಿಸಿ. ಹತ್ತು ಗ್ರಾಂ ಆದರೆ ಅಡುಗೆಮನೆಯ ಎಲೆಕ್ಟ್ರಾನಿಕ್ ತಕ್ಕಡಿಯಲ್ಲೇ ತೂಗಬಹುದು. ಇದು ಮೂಲ ದ್ರಾವಣ, ಗಿಡಕ್ಕೆ ನೇರವಾಗಿ ಹಾಕುವಂಥದ್ದಲ್ಲ. ಮೆಡಿಕಲ್ ಶಾಪಿನಿಂದ 10 ಮಿಲಿ ಸಿರಿಂಜ್ ತನ್ನಿ, ಸೂಜಿ ಬೇಡ. ಮೂಲ ದ್ರಾವಣದಿಂದ 10 ಮಿಲಿ ಎಳೆದು ಇನ್ನೊಂದು ಲೀಟರ್ ಮಳೆ ನೀರಿಗೆ ಬಿಡಿ. ಅದರಲ್ಲಿ ಈಗ 0.1 ಗ್ರಾಂ ಗೊಬ್ಬರವಿದೆ, ಸಾರಜನಕ 19 ಪಿಪಿಎಂ. ಎರಡು ಮೂರು ತಿಂಗಳು ಹೀಗೇ ಕೊಟ್ಟು, ಹೊಸ ಎಲೆ ಹಳೆಯದಕ್ಕಿಂತ ದೊಡ್ಡದಾಗಿ ಬರುತ್ತಿದ್ದರೆ 25 ಮಿಲಿವರೆಗೆ ಏರಿಸಬಹುದು. ಆಗ ಲೀಟರಿಗೆ ಕಾಲು ಗ್ರಾಂ, ಸಾರಜನಕ ಸುಮಾರು 48 ಪಿಪಿಎಂ. ಸಸಿಗೆ ಇದರ ಮೇಲೆ ನಾನು ಹೋಗಿಲ್ಲ, ಹೋಗುವ ಅಗತ್ಯವೂ ಕಂಡಿಲ್ಲ.

ಮೂಲ ದ್ರಾವಣದ ಬಾಟಲಿ ಮೇಲೆ ಕಾಣುವ ಹಾಗೆ ಬರೆದಿಡಿ. ನೀರಿನ ಬಾಟಲಿಯಲ್ಲಿ ಮಾತ್ರ ಬೇಡ, ಮಕ್ಕಳು ಕುಡಿದಾರು. ಕತ್ತಲಲ್ಲಿಡಿ. ಒಂದೆರಡು ವಾರಕ್ಕಿಂತ ಜಾಸ್ತಿ ಇಟ್ಟುಕೊಳ್ಳಬೇಡಿ. ಉಳಿದದ್ದು ಬಾಳೆ ಬುಡಕ್ಕೆ.

ಟಿಡಿಎಸ್ ಮೀಟರ್ ಇದೆಯಲ್ಲ, ದ್ರಾವಣಕ್ಕೆ ಅದ್ದಿ ನೋಡಿದರೆ ಸಾಲದೇ?

ಸಾಲದು. ಇಲ್ಲಿ ತುಂಬ ಜನ ಎಡವುತ್ತಾರೆ. ಆ ಮೀಟರ್ ಅಳೆಯುವುದು ನೀರಿನಲ್ಲಿ ಕರೆಂಟ್ ಎಷ್ಟು ಹರಿಯುತ್ತದೆ ಅನ್ನುವುದನ್ನು. ಯೂರಿಯಾ ಕರಗಿದ ನೀರಿನಲ್ಲಿ ಅದರಿಂದಾಗಿ ಕರೆಂಟ್ ಹರಿಯುವುದಿಲ್ಲ. ಹಾಗಾಗಿ ಯೂರಿಯಾ ಎಷ್ಟಿದ್ದರೂ ಮೀಟರಿಗೆ ಅದು ಬರೀ ನೀರು. ಪರೀಕ್ಷೆ ಮಾಡಬೇಕೆಂದರೆ ಒಂದು ಲೋಟ ಮಳೆ ನೀರಿಗೆ ಅರ್ಧ ಚಮಚ ಯೂರಿಯಾ ಹಾಕಿ ಅಳೆಯಿರಿ. ಅಷ್ಟು ಹಾಕಿದರೂ ಅಂಕಿ ಹೆಚ್ಚು ಕದಲುವುದಿಲ್ಲ. ಸಿರಿಂಜ್ ಲೆಕ್ಕವನ್ನೇ ನಂಬಿ. ಮೀಟರನ್ನು ಮಳೆ ನೀರಿಗೆ ಮತ್ತು ಕುಂಡದ ಅಡಿಯಿಂದ ಸೋರುವ ನೀರಿಗೆ ಇಟ್ಟುಕೊಳ್ಳಿ.

ಸಿಂಪಡಿಸುವ ಕ್ರಮ ಹೇಗೆ? ಎಷ್ಟು ದಿನಕ್ಕೊಮ್ಮೆ?

ಎರಡು ವಾರಕ್ಕೊಮ್ಮೆ, ಬೆಳಗ್ಗೆ ಬಿಸಿಲೇರುವ ಮೊದಲು. ಮಂಜು ಮಂಜಾಗಿ ಬೀಳುವ ಸಣ್ಣ ಬಾಟಲಿ ಸಾಕು. ಎಲೆ ಒದ್ದೆಯಾಗಬೇಕು, ಹನಿ ಇಳಿದು ಮಣ್ಣಿಗೆ ಹೋಗಬಾರದು. ಟ್ರೇಯಿಂದ ಒಂದಡಿ ಮೇಲೆ ಹಿಡಿದು ಎರಡು ಸಲ ಒತ್ತಿ ನಿಲ್ಲಿಸಿ. ಮರುದಿನ ಬರೀ ಮಳೆ ನೀರನ್ನು ಮೇಲಿಂದ ಹಾಕಿ, ಎಲೆ ಮೇಲೆ ಉಳಿದದ್ದು ತೊಳೆದು ಕುಂಡದ ಅಡಿಯಿಂದ ಇಳಿದುಹೋಗಲಿ. ಇಳಿದ ನೀರನ್ನು ಚೆಲ್ಲಿಬಿಡಿ. ಕುಂಡವನ್ನು ಅದೇ ನೀರಲ್ಲಿ ಕೂರಿಸಿದರೆ ತೊಳೆದ ಉಪ್ಪು ಮತ್ತೆ ಮೇಲೇರುತ್ತದೆ.

ಟ್ರೇಗೆ ಪ್ಲಾಸ್ಟಿಕ್ ಮುಚ್ಚಿದ್ದರೆ ಸಿಂಪಡಿಸಿದ ದಿನ ಎಲೆ ಆರುವವರೆಗೆ ತೆಗೆದಿಡಿ. ಬೆಚ್ಚಗೆ, ಒದ್ದೆ, ಮೇಲೆ ಗೊಬ್ಬರ, ಗಾಳಿ ಇಲ್ಲ: ಬೂಸ್ಟಿಗೆ ಇದಕ್ಕಿಂತ ಒಳ್ಳೆ ಮನೆ ಬೇಕಾ?

ಮಳೆಗಾಲದಲ್ಲಿ ಗಿಡ ಚೆನ್ನಾಗಿ ಬೆಳೆಯುತ್ತದಲ್ಲ, ಆಗಲೇ ಜಾಸ್ತಿ ಕೊಡಬಹುದಾ?

ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆರಿದ್ರಾ ಮಳೆ ಹಿಡಿದ ಮೇಲೆ ಹೂಜಿ ಗಿಡಕ್ಕೆ ಹಬ್ಬ, ಗಾಳಿಯಲ್ಲೇ ನೀರಿರುತ್ತದೆ, ಹೂಜಿಗಳು ಒಂದೂ ಒಣಗುವುದಿಲ್ಲ. ಆದರೆ ಗೊಬ್ಬರ ಬಳಸಿಕೊಳ್ಳಲು ಗಿಡಕ್ಕೆ ಬೆಳಕು ಬೇಕು. ಪುನರ್ವಸು, ಪುಷ್ಯ ಮಳೆಯ ದಿನಗಳಲ್ಲಿ ನಮ್ಮ ಜಗಲಿಯಲ್ಲಿ ಮಧ್ಯಾಹ್ನ ಮೂರಕ್ಕೇ ದೀಪ ಹಾಕಬೇಕು. ಆ ಮಬ್ಬಿನಲ್ಲಿ ಸಸಿ ತಿನ್ನುವುದು ಕಡಿಮೆ, ಬಿಟ್ಟದ್ದನ್ನು ಪಾಚಿ ತಿನ್ನುತ್ತದೆ. ಮೊದಲು ಮಣ್ಣಿನ ಮೇಲೆ ಹಸಿರು ಲೋಳೆ, ವಾರ ಕಳೆದರೆ ಅದು ಸಸಿಯ ನಡು ಮುಚ್ಚುತ್ತದೆ, ಆಮೇಲೆ ಕಾಂಡ ಮಣ್ಣಿನ ಮಟ್ಟದಲ್ಲೇ ಕೊಳೆತು ಸಸಿ ಮಗುಚಿಕೊಳ್ಳುತ್ತದೆ.

ಹಾಗಾಗಿ ನಮ್ಮಲ್ಲಿ ಜೂನ್ ಮಧ್ಯದಿಂದ ಆಗಸ್ಟ್ ಕೊನೆಯವರೆಗೆ ಗೊಬ್ಬರಕ್ಕೆ ರಜೆ. ಮಳೆ ಹೊಳವಾಗಿ, ದಿನಕ್ಕೆ ನಾಲ್ಕು ಗಂಟೆಯಾದರೂ ಬೆಳಕು ಬಂದ ಮೇಲೆ ಮತ್ತೆ ಶುರು. ಹಸ್ತ, ಚಿತ್ತೆಯಿಂದ ಹಿಡಿದು ನವೆಂಬರ್ ಮುಗಿಯುವವರೆಗೆ ಅತ್ಯುತ್ತಮ ಕಾಲ: ಬೆಳಕೂ ಇದೆ, ತೇವವೂ ಇದೆ. ಚಳಿಯಲ್ಲಿ ಬೆಳವಣಿಗೆ ನಿಧಾನ, ತಿಂಗಳಿಗೊಮ್ಮೆ ಸಾಕು. ಫೆಬ್ರವರಿಯಿಂದ ಒಣಗಾಳಿ ಬೀಸುತ್ತದೆ, ಸಾಗರ ಸೊರಬದ ಬಯಲು ಕಡೆಯವರಿಗೆ ಇದು ಇನ್ನೂ ಜಾಸ್ತಿ. ಆಗ ಕುಂಡ ಬೇಗ ಆರಿ ಉಪ್ಪು ಗಟ್ಟಿಯಾಗುತ್ತದೆ. ಪ್ರಮಾಣವನ್ನು ಮತ್ತೆ 10 ಮಿಲಿಗೆ ಇಳಿಸಿ. ದೀಪದ ಅಡಿಯಲ್ಲಿ ಬೆಳೆಸುವವರಿಗೆ ಈ ಪಂಚಾಂಗದ ಗೊಡವೆ ಇಲ್ಲ.

ತೋಟಕ್ಕೆ ಔಷಧಿ ಹೊಡೆಯುವ ಮನೆಯಲ್ಲಿ ಏನು ಜಾಗ್ರತೆ?

ಇದನ್ನು ಯಾರೂ ಕೇಳಿಲ್ಲ, ನಾನೇ ಸೇರಿಸಿದೆ. ಕೇಳಬೇಕಾಗಿದ್ದ ಪ್ರಶ್ನೆ.

ಅಡಿಕೆ ಕೊಳೆರೋಗಕ್ಕೆ ಬೋರ್ಡೋ ಹೊಡೆಯುವುದು ಎಲ್ಲರಿಗೂ ಗೊತ್ತು. ನೂರು ಲೀಟರ್ ನೀರಿಗೆ ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ. ಮಳೆ ಹಿಡಿಯುವ ಮೊದಲು ಒಂದು ಸಲ, ನಲವತ್ತು ನಲವತ್ತೈದು ದಿನ ಬಿಟ್ಟು ಇನ್ನೊಂದು ಸಲ. ಮೈಲುತುತ್ತದಲ್ಲಿ ತಾಮ್ರ, ಸುಣ್ಣದಲ್ಲಿ ಕ್ಷಾರ. ಹೂಜಿ ಗಿಡದ ಸಸಿಗೆ ಎರಡೂ ಆಗದು.

ನನ್ನದು ಕೈಪಂಪಿನ ಎರಡು ಲೀಟರಿನ ಸ್ಪ್ರೇ ಕ್ಯಾನ್. ಹಿತ್ತಿಲಿನ ನಾಲ್ಕು ಗಿಡ್ಡ ಮರಕ್ಕೆ ಬೋರ್ಡೋ ಹೊಡೆಯಲು ಮನೆಯವರು ಅದನ್ನೇ ತೆಗೆದುಕೊಂಡಿದ್ದರು. ಆಮೇಲೆ ತೊಳೆದೂ ಇಟ್ಟಿದ್ದರು. ಸೆಪ್ಟೆಂಬರಿನಲ್ಲಿ ನಾನು ಗೊಬ್ಬರ ಬೆರೆಸಿ ಅದರಲ್ಲೇ ಸಿಂಪಡಿಸಿದೆ. ಮೂರನೇ ದಿನ ನೋಡಿದರೆ ಪಾಚಿ ಸತ್ತು ಬೂದಿಬಣ್ಣ. ಖುಷಿಯಾಯಿತು, ನಿಜ ಹೇಳುತ್ತೇನೆ. ಹತ್ತನೇ ದಿನಕ್ಕೆ ಸಸಿಗಳ ಸುತ್ತ ಮಣ್ಣಿನ ಬದಲು ಹಾಕಿದ್ದ ಜೀವಂತ ಸ್ಫ್ಯಾಗ್ನಮ್, ಅಂದರೆ ನೀರು ಹಿಡಿದಿಡುವ ಒಂದು ಬಗೆಯ ಹಾವಸೆ, ಅದರ ತಲೆಗಳು ಬೆಳ್ಳಗಾದವು. ಆಗಲೂ ತಲೆಗೆ ಹೋಗಲಿಲ್ಲ, ಇನ್ನೊಮ್ಮೆ ಸಿಂಪಡಿಸಿದೆ. ಮೂರು ವಾರದಲ್ಲಿ ನಲವತ್ತೊಂದು ಸಸಿಗಳಲ್ಲಿ ಉಳಿದದ್ದು ಆರು. ಕ್ಯಾನಿನ ನಳಿಕೆ ಬಿಚ್ಚಿ ಒಳಗಿನ ಜಾಲರಿ ನೋಡಿದಾಗ ಅಲ್ಲಿ ನೀಲಿ ಗಸಿ ಗಟ್ಟಿಯಾಗಿ ಕೂತಿತ್ತು, ಉಗುರಿನಿಂದ ಕೆರೆದರೆ ಚೂರು ಚೂರು ಬರುತ್ತಿತ್ತು. ತೊಳೆದವರ ತಪ್ಪಲ್ಲ, ಕ್ಯಾನ್ ಬೇರೆ ಇಟ್ಟುಕೊಳ್ಳದ್ದು ನನ್ನ ತಪ್ಪು. ಈಗ ಮೂವತ್ತು ರೂಪಾಯಿಯ ಬೇರೆ ಬಾಟಲಿ ಇದೆ, ಕುತ್ತಿಗೆಗೆ ಕೆಂಪು ದಾರ ಕಟ್ಟಿದ್ದೇನೆ. ಯಾರೂ ಮುಟ್ಟುವುದಿಲ್ಲ.

ಇನ್ನೆರಡು ಮಾತು. ತೋಟಕ್ಕೆ ಹೊಡೆಯುವ ದಿನ ಟ್ರೇಗಳನ್ನು ಒಳಗಿಡಿ. ಮಾಡಿನ ಮೇಲೆ ಅಡಿಕೆ ಸೋಗೆ ಬಾಗಿದ್ದರೆ ಹೊಡೆದ ನಂತರದ ಮೊದಲ ಕೆಲವು ಮಳೆಯ ನೀರನ್ನು ಹಿಡಿಯಬೇಡಿ.

ಅಡಿಕೆ ಮರದ ಹಾವಸೆ ಕೆರೆದು ಮಣ್ಣಿನ ಬದಲು ಹಾಕಬಹುದಾ? ಸ್ಫ್ಯಾಗ್ನಮ್ ದುಬಾರಿ.

ಅದರಲ್ಲೂ ಬೋರ್ಡೋದ ತಾಮ್ರ ಇರುತ್ತದೆ. ಕಾಡಿನ ಮರದ ಹಾವಸೆಯಾದರೂ ಸ್ಫ್ಯಾಗ್ನಮ್‌ನಷ್ಟು ನೀರು ಹಿಡಿಯುವುದಿಲ್ಲ, ಬೇಗ ಕೊಳೆಯುತ್ತದೆ, ಕೆರೆಯುವುದೂ ಸರಿಯಲ್ಲ. ದುಡ್ಡು ಉಳಿಸಬೇಕೆಂದರೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ಮತ್ತು ಪರ್ಲೈಟ್ (ಹಗುರವಾದ ಬಿಳಿ ಕಲ್ಲಿನ ಹರಳು) ಸಮಸಮ. ಕೊಕೊಪೀಟ್‌ನಲ್ಲಿ ಉಪ್ಪಿನಂಶ ಇರುತ್ತದೆ. ಬಕೆಟ್ಟಿನಲ್ಲಿ ನೆನೆಹಾಕಿ, ಹಿಂಡಿ, ನೀರು ಬದಲಿಸಿ, ಹಿಂಡಿದ ನೀರು ಮೀಟರಿನಲ್ಲಿ 50ರ ಕೆಳಗೆ ಬರುವವರೆಗೆ ತೊಳೆಯಿರಿ. ನನಗೆ ಐದಾರು ಸಲ ಬೇಕಾಗುತ್ತದೆ.

ಹೂಜಿಯೊಳಗೇ ಊಟ ಹಾಕಬಹುದಲ್ಲ? ಇರುವೆ, ಮೀನಿನ ಆಹಾರ, ಹಾಲು?

ಹೂಜಿ ಒಂದು ಸೆಂಟಿಮೀಟರ್ ದಾಟಿದ ಮೇಲೆ ಇದೇ ಅತಿ ಸುರಕ್ಷಿತ ದಾರಿ. ಅಕ್ವೇರಿಯಂ ಅಂಗಡಿಯಲ್ಲಿ ಒಣಗಿಸಿದ ಬ್ಲಡ್‌ವರ್ಮ್ ಸಿಗುತ್ತದೆ, ಮೀನಿಗೆ ಹಾಕುವ ಕೆಂಪು ಹುಳ. ಎರಡು ಚಮಚದ ನಡುವೆ ಪುಡಿ ಮಾಡಿ. ಹಲ್ಲುಕಡ್ಡಿಯ ತುದಿಯನ್ನು ನೀರಿಗೆ ಅದ್ದಿ ಪುಡಿಗೆ ಮುಟ್ಟಿಸಿದರೆ ಎಷ್ಟು ಅಂಟುತ್ತದೋ ಅಷ್ಟೇ ಒಂದು ಹೂಜಿಗೆ. ಕನ್ನಡಕ ಬೇಕು, ತಾಳ್ಮೆ ಬೇಕು. ಒಂದು ಸಸಿಗೆ ತಿಂಗಳಿಗೆ ಒಂದು ಹೂಜಿ ಸಾಕು, ಎಲ್ಲದಕ್ಕೂ ತುಂಬಿಸಬೇಡಿ. ಜಾಸ್ತಿಯಾದರೆ ಒಳಗಿನ ನೀರು ಮಬ್ಬಾಗಿ ನಾತ ಹೊಡೆಯುತ್ತದೆ, ಹೂಜಿ ಕೆಳಗಿನಿಂದ ಕಂದಾಗುತ್ತದೆ. ಹೆದರಬೇಡಿ, ಆ ಹೂಜಿಯನ್ನು ಕತ್ತರಿಸಿ ಬಿಸಾಡಿ, ಎಲೆ ಹಾಗೇ ಇರಲಿ. ನಷ್ಟ ಒಂದು ಹೂಜಿಗೆ ಮುಗಿಯುತ್ತದೆ, ಬೇರಿಗೆ ಬರುವುದಿಲ್ಲ. ನನಗೆ ಈ ದಾರಿ ಇಷ್ಟವಾಗುವುದು ಅದಕ್ಕೇ.

ಹಾಲು, ಮೊಸರು, ಕೋಳಿ ಮಾಂಸದ ಚೂರು, ಅನ್ನದ ಅಗುಳು ಯಾವುದೂ ಬೇಡ. ಮಕ್ಕಳು ಸೊಳ್ಳೆ ಹೊಡೆದು ತಂದು ಹಾಕಿದರೆ ಹಾಕಲಿ, ಒಳ್ಳೆಯದೇ. ಬತ್ತಿಯ ಹೊಗೆಗೆ, ಸ್ಪ್ರೇಗೆ ಸತ್ತ ಸೊಳ್ಳೆ ಮಾತ್ರ ಬೇಡ.

ನಿಧಾನವಾಗಿ ಕರಗುವ ಕಾಳು ಗೊಬ್ಬರ ಹೂಜಿಗೆ ಹಾಕುವುದನ್ನು ನೋಡಿದ್ದೇನೆ.

ಆಸ್ಮೊಕೋಟ್ ತರಹದ ಕಾಳು. ದೊಡ್ಡ ಗಿಡದ ದೊಡ್ಡ ಹೂಜಿಗೆ ಒಂದು ಕಾಳು ಹಾಕುವವರು ಇದ್ದಾರೆ, ಫಲವೂ ಕಂಡಿದ್ದಾರೆ. ಹೂಜಿ ನಾಲ್ಕೈದು ಸೆಂಟಿಮೀಟರ್ ಆಗುವವರೆಗೆ ನೀವು ಆ ಕಡೆ ಹೋಗಬೇಡಿ. ಸೆಖೆ ಹೆಚ್ಚಿದಂತೆ ಆ ಕಾಳು ಬೇಗ ಬೇಗ ಗೊಬ್ಬರ ಬಿಡುತ್ತದೆ. ಡಬ್ಬಿಯ ಮೇಲೆ ಮೂರು ನಾಲ್ಕು ತಿಂಗಳು ಅಂತ ಬರೆದಿರುವುದು ಸುಮಾರು 21 ಡಿಗ್ರಿ ಲೆಕ್ಕದಲ್ಲಿ. ನಮ್ಮ ಏಪ್ರಿಲ್ ಹಾಗಿರುವುದಿಲ್ಲ.

ಜಾಸ್ತಿ ಆಗಿದೆ ಅಂತ ಹೇಗೆ ಗೊತ್ತಾಗುತ್ತದೆ? ಆದರೆ ಏನು ಮಾಡಲಿ?

ಮೊದಲು ಹೇಳುವುದು ಸಸಿಯಲ್ಲ, ಅದರ ಸುತ್ತಲಿನ ಜೀವಂತ ಸ್ಫ್ಯಾಗ್ನಮ್. ಅದರ ತಲೆ ಕಂದಾದರೆ ಅಲ್ಲಿಗೇ ನಿಲ್ಲಿಸಿ. ಕುಂಡದ ಅಂಚಿನಲ್ಲಿ ಬಿಳಿ ಪುಡಿ ಕಾಣುವುದು, ಎಲೆಯ ತುದಿ ಸುಟ್ಟಂತಾಗುವುದು, ಹೊಸ ಎಲೆ ಮುರುಟಿಕೊಂಡು ಬರುವುದು ಆಮೇಲಿನ ಲಕ್ಷಣ.

ಕುಂಡದ ಗಾತ್ರದ ನಾಲ್ಕು ಪಟ್ಟು ಮಳೆ ನೀರನ್ನು ನಿಧಾನವಾಗಿ, ಹತ್ತು ನಿಮಿಷ ಹಿಡಿದು ಮೇಲಿಂದ ಇಳಿಸಿ. ಅಡಿಯಿಂದ ಸೋರಿದ ನೀರನ್ನು ಅಳೆಯಿರಿ, 100ಕ್ಕಿಂತ ಮೇಲಿದ್ದರೆ ಮರುದಿನ ಇನ್ನೊಮ್ಮೆ. ಮಣ್ಣಿನ ಮೇಲ್ಪದರದ ಪಾಚಿಯನ್ನು ಚಮಚದ ಹಿಡಿಯಿಂದ ಎತ್ತಿ ತೆಗೆಯಿರಿ. ಗಾಬರಿಯಲ್ಲಿ ಸಸಿ ಕಿತ್ತು ಬೇರೆ ಕುಂಡಕ್ಕೆ ಹಾಕಬೇಡಿ, ಸುಟ್ಟ ಬೇರಿಗೆ ಕೀಳುವ ಪೆಟ್ಟೂ ಸೇರುತ್ತದೆ. ನೇರ ಬಿಸಿಲಿನಿಂದ ಸರಿಸಿ, ಎರಡು ತಿಂಗಳು ಗೊಬ್ಬರದ ಹೆಸರೆತ್ತಬೇಡಿ.

ಎಲೆ ಹಸಿರಾಗಿ ದೊಡ್ಡದಾಗಿದೆ, ಹೂಜಿ ಮಾತ್ರ ಬರುತ್ತಿಲ್ಲ. ಗೊಬ್ಬರ ಕಮ್ಮಿಯಾಯಿತಾ?

ಹೆಚ್ಚಾಗಿದ್ದರೂ ಹೀಗಾಗಬಹುದು. ಹೂಜಿ ಕಟ್ಟುವುದು ಗಿಡಕ್ಕೆ ಖರ್ಚಿನ ಕೆಲಸ. ಸಾರಜನಕ ಹೇಗೂ ಸಿಗುತ್ತಿದೆ ಅಂತಾದರೆ ಹೂಜಿಗೆ ಯಾಕೆ ಖರ್ಚು ಮಾಡಬೇಕು? ಅಮೆರಿಕದ ಏರನ್ ಎಲಿಸನ್ ಮತ್ತು ನಿಕೋಲಸ್ ಗೊಟೆಲ್ಲಿ 2002ರಲ್ಲಿ ಇದನ್ನು ಇನ್ನೊಂದು ಜಾತಿಯ ಹೂಜಿ ಗಿಡದಲ್ಲಿ, ಸರಸೇನಿಯಾ ಪರ್ಪ್ಯೂರಿಯಾದಲ್ಲಿ, ತೋರಿಸಿದರು. ಸಾರಜನಕ ಜಾಸ್ತಿ ಸಿಕ್ಕಿದ ಗಿಡಗಳು ಕೊಡದ ಬದಲು ಚಪ್ಪಟೆ ಎಲೆಗಳನ್ನೇ ಹೆಚ್ಚು ಬಿಟ್ಟವು.

ಆದರೆ ನಮ್ಮ ಕಡೆ ಹೂಜಿ ನಿಲ್ಲಲು ಇನ್ನೂ ಸಾಮಾನ್ಯ ಕಾರಣ ಬೆಳಕು ಕಡಿಮೆ, ಅಥವಾ ಬೇಸಿಗೆಯ ಒಣಗಾಳಿ. ಮೊದಲು ಜಾಗ ಬದಲಿಸಿ ಒಂದು ತಿಂಗಳು ನೋಡಿ.

ಸರಸೇನಿಯಾ ಸಸಿಗೂ ಇದೇ ಲೆಕ್ಕವಾ?

ಸುಮಾರಾಗಿ ಇದೇ, ಅದು ಸ್ವಲ್ಪ ಗಟ್ಟಿ ಜೀವ. ನೆಲದಿಂದ ನೇರ ಏಳುವ ಕೊಳವೆ ಗಿಡ ಅದು, ಉತ್ತರ ಅಮೆರಿಕದ್ದು. ಬೀಜ ಮೊಳೆಯಲು ನಾಲ್ಕಾರು ವಾರ ಫ್ರಿಜ್ಜಿನ ಚಳಿ ಬೇಕು, ದೊಡ್ಡದಾದ ಮೇಲೆ ಪ್ರತಿ ವರ್ಷ ಚಳಿಗಾಲದ ನಿದ್ದೆಯೂ ಬೇಕು. ನಮ್ಮ ಡಿಸೆಂಬರ್ ಅದಕ್ಕೆ ಸಾಲುವುದಿಲ್ಲ. ನನ್ನ ಕೇಳಿದರೆ ಮಲೆನಾಡಿಗೆ ನೆಪೆಂತಿಸ್ಸೇ ಸರಿ.

ಕಾಡಿನಿಂದ ಗಿಡ ತರಬಹುದಾ? ಗದ್ದೆ ಬದುವಿನಲ್ಲೂ ಹುಳ ತಿನ್ನುವ ಗಿಡ ಇದೆಯಂತೆ.

ಇದೆ. ಮಳೆ ಮುಗಿಯುವ ಹೊತ್ತಿಗೆ ಜೌಗು ಬಯಲು, ಜಂಬಿಟ್ಟಿಗೆ ಹಾಸಿನ ಮೇಲೆ ಬಗ್ಗಿ ನೋಡಿದರೆ ಕೆಂಪು ಅಂಟು ಹನಿಗಳ ಡ್ರೊಸೆರಾ, ನೀಲಿ ಹೂವಿನ ಯುಟ್ರಿಕ್ಯುಲೇರಿಯಾ ಕಾಣುತ್ತವೆ. ನೋಡಿ, ಫೋಟೊ ತೆಗೆಯಿರಿ, ಅಲ್ಲೇ ಬಿಡಿ. ಮನೆಗೆ ತಂದವು ಉಳಿಯುವುದು ಕಷ್ಟ. ನೆಪೆಂತಿಸ್ ನಮ್ಮ ಕಾಡಿನದಲ್ಲ. ಭಾರತದಲ್ಲಿ ತಾನಾಗಿ ಬೆಳೆಯುವ ಒಂದೇ ಜಾತಿ ನೆಪೆಂತಿಸ್ ಖಾಸಿಯಾನ, ಅದು ಮೇಘಾಲಯದ ಬೆಟ್ಟಗಳದ್ದು. ಅಳಿವಿನಂಚಿನಲ್ಲಿದೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪಟ್ಟಿಯಲ್ಲೂ ಇದೆ. ಅಲ್ಲಿಂದ ಕಿತ್ತು ತಂದದ್ದು ಅಂತ ಯಾರಾದರೂ ಮಾರಿದರೆ ಕೊಳ್ಳಬೇಡಿ. ನರ್ಸರಿಗಳಲ್ಲಿ ಸಾಮಾನ್ಯವಾಗಿ ಸಿಗುವುದು ವೆಂಟ್ರಾಟ ಅನ್ನುವ ಮಿಶ್ರತಳಿ. ಹೊಸಬರಿಗೆ ಅದಕ್ಕಿಂತ ಒಳ್ಳೆಯದಿಲ್ಲ.

ಮನೆಯ ಗಿಡದಿಂದಲೇ ಬೀಜ ಮಾಡಿಕೊಳ್ಳಬಹುದಾ?

ಒಂದೇ ಗಿಡವಿದ್ದರೆ ಆಗುವುದಿಲ್ಲ. ಗಂಡು ಗಿಡ, ಹೆಣ್ಣು ಗಿಡ ಬೇರೆ ಬೇರೆ. ಎರಡೂ ಒಂದೇ ಹೊತ್ತಿಗೆ ಹೂ ಬಿಡಬೇಕು. ಬೀಜ ಸಿಕ್ಕಿದರೆ ಕೂಡಲೇ ಬಿತ್ತಿ, ಇಟ್ಟಷ್ಟೂ ಮೊಳೆಯುವ ಶಕ್ತಿ ಹೋಗುತ್ತದೆ.

ಗೊಬ್ಬರ ಕೊಟ್ಟರೆ ಎಷ್ಟು ದಿನಕ್ಕೆ ದೊಡ್ಡ ಗಿಡ ಆಗುತ್ತದೆ?

ದಿನದ ಲೆಕ್ಕ ಬೇಡ. ಕೈಬೆರಳುದ್ದದ ಹೂಜಿ ಬರಲು ಎರಡು ಮೂರು ವರ್ಷ, ಜಾತಿ ನೋಡಿಕೊಂಡು ಇನ್ನೂ ಜಾಸ್ತಿ. ಬೋರ್ಡೋದಲ್ಲಿ ಉಳಿದ ಆ ಆರು ಸಸಿಗಳು ಈಗ ಅಂಗೈಯಗಲ ಇವೆ. ಅವುಗಳಲ್ಲಿ ಒಂದರ ಹೂಜಿಗೆ ಮೊನ್ನೆ ಇರುವೆ ಬಿದ್ದಿತ್ತು, ಗೊದ್ದ ಅಲ್ಲ, ಕೆಂಪಗಿದ್ದು ಕಚ್ಚುತ್ತದಲ್ಲ ಅದು. ಆ ಸಸಿಗೆ ಗೊಬ್ಬರ ನಿಲ್ಲಿಸಿದ್ದೇನೆ.